ರಕ್ತದ ಸಾಕ್ಷ್ಯ ಮತ್ತು ಬುಡಕಟ್ಟಿನ ಗುರುತು

ಭದ್ರಾವತಿಯಲ್ಲಿ ಹತ್ತು ಮನೆಗಳ ಮೂಲವನ್ನು ವಿಚಾರಿಸಿದರೆ ಹತ್ತು ಸೀಮೆಗಳ ಹೆಸರು ಹೊರಬಿದ್ದೀತು. ಬೆಂಕಿಪುರವೆನಿಸಿದ್ದ ಈ ಊರಿನಲ್ಲಿ 1918ರಲ್ಲಿ ಮೈಸೂರು ಸಂಸ್ಥಾನವು ಕಬ್ಬಿಣದ ಕಾರ್ಖಾನೆಯನ್ನು ಆರಂಭಿಸಿದ ಬಳಿಕ ತಮಿಳು, ತೆಲುಗು ನಾಡುಗಳಿಂದಲೂ ದುಡಿಮೆಗೆ ಜನ ಬಂದರು. ಅವರ ಮೊಮ್ಮಕ್ಕಳು ಈಗ ಭದ್ರಾವತಿಯವರೇ. ಅಂಥ ಮನೆಯ ತರುಣನೊಬ್ಬ ಪುಟ್ಟ ನಳಿಕೆಯಲ್ಲಿ ಜೊಲ್ಲನ್ನು ಕಳುಹಿಸಿ, ತನ್ನ ಪೂರ್ವಿಕರು ಎಲ್ಲಿಯವರೆಂಬ ಶೇಕಡಾವಾರು ಪಟ್ಟಿಯನ್ನು ತರಿಸಿಕೊಂಡರೆ ಅದೊಂದು ಕುತೂಹಲ ಮಾತ್ರ. ಆದರೆ ಬುಡಕಟ್ಟು ಜನರಿಗೆ ಮೂಲದ ಪ್ರಶ್ನೆಯೆಂದರೆ ಮಗುವಿನ ವಿದ್ಯಾರ್ಥಿನಿಲಯದ ಪ್ರವೇಶ, ವಿದ್ಯಾರ್ಥಿವೇತನ, ನೌಕರಿ.

ಶಿವಮೊಗ್ಗ ಸಮೀಪದ ಸದಾಶಿವಪುರದ ಹಕ್ಕಿಪಿಕ್ಕಿಗಳನ್ನೇ ನೋಡೋಣ. ಮನೆಯೊಳಗೆ ಅವರಾಡುವ ವಾಗ್ರಿ ಗುಜರಾತಿಗೆ ಹತ್ತಿರದ ನುಡಿ. ಅವರ ಒಳಪಂಗಡಗಳಲ್ಲಿ ಮೇವಾಡ, ಗುಜರಾತುಗಳ ಹೆಸರು ಇಂದಿಗೂ ಉಳಿದಿದೆ. ಗಿಡಮೂಲಿಕೆ, ತೈಲಗಳನ್ನು ಹೊತ್ತು ದೇಶಾಂತರ ತಿರುಗುವ ಜನವಿದು. 2023ರ ಏಪ್ರಿಲ್‌ನಲ್ಲಿ ಸೂಡಾನ್ ಯುದ್ಧದ ನಡುವೆ ಸಿಲುಕಿದ ಕನ್ನಡಿಗರಲ್ಲಿ ಶಿವಮೊಗ್ಗ, ಚನ್ನಗಿರಿಗಳ ಹಕ್ಕಿಪಿಕ್ಕಿಗಳೂ ಇದ್ದರು. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಅವರಿದ್ದಾರೆ; ಪೂರ್ವಿಕರು ಪಶ್ಚಿಮದಿಂದ ಬಂದರೆಂಬುದು ಅದಕ್ಕೆ ಅಡ್ಡಿಯಾಗಿಲ್ಲ.

ತೊಡಕಿರುವುದು ಕಾಗದದಲ್ಲಿ. ಪಂಗಡದ ಹಕ್ಕನ್ನು ಪರಿಶೀಲಿಸುವಾಗ ಆಚಾರ, ದೇವತೆ, ಮದುವೆಯ ಕಟ್ಟಳೆಗಳನ್ನು ಕೇಳಿ ತಾಳೆನೋಡುವ ಪದ್ಧತಿಯುಂಟು. ಮಹಾರಾಷ್ಟ್ರದ ಠಾಕೂರ ಬುಡಕಟ್ಟಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರ ಮಾರ್ಚ್‌ನಲ್ಲಿ, ಆ ಪರೀಕ್ಷೆಯೇ ಅಂತಿಮವಲ್ಲ, ಸಂವಿಧಾನಪೂರ್ವದ ದಾಖಲೆಗಳಿಗೆ ಹೆಚ್ಚಿನ ಬೆಲೆಯುಂಟು ಎಂದಿತು. ನ್ಯಾಯವಾದ ಮಾತೇ. ಆದರೆ ಗುಡಾರ ಕಟ್ಟಿ, ಗುಡಾರ ಕಿತ್ತು ಬಾಳಿದವನ ಅಜ್ಜನಿಗೆ 1950ಕ್ಕೆ ಹಿಂದಿನ ಶಾಲಾ ದಾಖಲೆ ಎಲ್ಲಿಂದ ಬರಬೇಕು? ಹಾಗಾದರೆ ಡಿ.ಎನ್.ಎ. ಪರೀಕ್ಷೆಯಿಂದಲೇ ತೀರ್ಮಾನಿಸಬಾರದೇಕೆ ಎಂಬ ಯೋಚನೆ ಹುಟ್ಟುವುದು ಇಲ್ಲಿಯೇ.

ರಕ್ತದಲ್ಲಿ ಹಕ್ಕಿಪಿಕ್ಕಿ ಎಂಬ ಅಕ್ಷರವಿಲ್ಲ. ಪ್ರಯೋಗಾಲಯವು ತನ್ನಲ್ಲಿರುವ ಮಾದರಿಗಳೊಡನೆ ಹೋಲಿಸಿ ಸಾಮ್ಯವನ್ನಷ್ಟೇ ಹೇಳುತ್ತದೆ. ಮಾದರಿಗಳು ಬದಲಾದರೆ ಶೇಕಡಾ ಲೆಕ್ಕವೂ ಬದಲಾಗುತ್ತದೆ. ತಾಯಿತಂದೆಗಳಿಂದ ಅರ್ಧರ್ಧವೇ ಬರುವುದರಿಂದ ಕೆಲವು ತಲೆಮಾರು ಕಳೆದ ಮೇಲೆ ಒಬ್ಬ ಪೂರ್ವಿಕನ ಪಾಲು ಪೂರ್ತಿ ಅಳಿದಿರಲೂಬಹುದು. ಹಟ್ಟಿಯ ಹಿರಿಯರು ತಮ್ಮವನೆಂದು ಸಾಕಿಕೊಂಡ ಕೂಸಿನ ಬಗೆಗಂತೂ ಯಂತ್ರಕ್ಕೆ ಹೇಳಲು ಏನೂ ಇಲ್ಲ.

ಉತ್ತರ ಕನ್ನಡದ ಸಿದ್ದಿಗಳ ಸಂಗತಿ ಇನ್ನೂ ಸ್ಪಷ್ಟ. ಹೈದರಾಬಾದಿನ ಸಿ.ಸಿ.ಎಂ.ಬಿ. ವಿಜ್ಞಾನಿಗಳು ಕರ್ನಾಟಕ, ಗುಜರಾತುಗಳ ಸಿದ್ದಿಗಳನ್ನು ಕುರಿತು 2011ರಲ್ಲಿ ಪ್ರಕಟಿಸಿದ ಅಧ್ಯಯನವು ಅವರ ಮೂಲವನ್ನು ಆಫ್ರಿಕದ ಬಂಟು ನುಡಿಯ ಜನರಲ್ಲಿ ಗುರುತಿಸಿತು; ಇಲ್ಲಿಯವರೊಡನೆ ರಕ್ತ ಬೆರೆತದ್ದು ಸುಮಾರು ಎಂಟು ತಲೆಮಾರುಗಳಿಂದೀಚೆಗೆ ಎಂದಿತು. ರಕ್ತವೇ ಪ್ರಮಾಣವಾದರೆ ಅವರು ಪರದೇಶಿಗಳು! ಆದರೆ ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿಯೇ ಪರಿಶಿಷ್ಟ ಪಂಗಡವೆನಿಸಿದ್ದರು. ಗಡಿಯಾಚೆ ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿದ್ದ ಅವರ ನಂಟರಿಗೆ ಅದು ದೊರೆತದ್ದು 2020ರಲ್ಲಿ. ರಕ್ತ ಒಂದೇ, ಕಾಡು ಒಂದೇ. ನಡುವೆ ಹದಿನೇಳು ವರ್ಷ ಜಿಲ್ಲೆಯ ಗೆರೆಯೊಂದು ನಿಂತಿತ್ತು. ಅದನ್ನು ಅಳಿಸಿದ್ದು ಸಂಸತ್ತು, ಪ್ರಯೋಗಾಲಯವಲ್ಲ.

ಇಷ್ಟು ಹೇಳಿದ್ದರಿಂದ ರಕ್ತಪರೀಕ್ಷೆಯೇ ಬೇಡವೆಂದು ತಿಳಿಯಬಾರದು. ಬುಡಕಟ್ಟುಗಳನ್ನು ಹೆಚ್ಚಾಗಿ ಕಾಡುವ ಸಿಕಲ್ ಸೆಲ್ ರಕ್ತಹೀನತೆಯ ನಿರ್ಮೂಲನೆಗೆ ಕೇಂದ್ರ ಸರ್ಕಾರವು 2023ರಲ್ಲಿ ಅಭಿಯಾನವನ್ನು ಆರಂಭಿಸಿದೆ. ಅಲ್ಲಿ ಪರೀಕ್ಷೆ ಜೀವ ಉಳಿಸುವ ಕೆಲಸ. ಆದರೆ ಯಾವ ಕಾರ್ಯಕ್ಕೆಂದು ರಕ್ತ ಪಡೆದರೋ ಅದಕ್ಕೇ ಬಳಸಬೇಕು, ಆ ಮಾತನ್ನು ಅವರ ನುಡಿಯಲ್ಲೇ ತಿಳಿಸಿರಬೇಕು. ಅಮೆರಿಕದ ಅರಿಜೋನದಲ್ಲಿ ಹವಾಸುಪಾಯಿ ಎಂಬ ಮೂಲನಿವಾಸಿಗಳು 1990ರಿಂದ ಮಧುಮೇಹದ ಸಂಶೋಧನೆಗೆಂದು ರಕ್ತ ಕೊಟ್ಟರು. ಅದೇ ರಕ್ತದಿಂದ ಮನೋರೋಗವನ್ನೂ ಪೂರ್ವಿಕರ ವಲಸೆಯನ್ನೂ ಶೋಧಿಸಿದ್ದು ತಿಳಿದಾಗ ಅವರು ನ್ಯಾಯಾಲಯದ ಮೆಟ್ಟಿಲೇರಿದರು. 2010ರಲ್ಲಿ ವಿಶ್ವವಿದ್ಯಾಲಯವು ಏಳು ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿತು. ಉಳಿದಿದ್ದ ರಕ್ತದ ಮಾದರಿಗಳು ಕೊಟ್ಟವರ ಕೈಗೇ ಮರಳಿದವು.