ಅಪ್ಪನ ದಮ್ಮು, ಡಾಕ್ಟರ ದಮ್ಮು

‘ದಮ್ ಐತ್ರಿ ಸಾಹೇಬ್ರ, ಹತ್ತ ವರ್ಸಾತು.’

‘ದಿನಕ್ಕೆ ಎಷ್ಟು?’

‘ಮೂರ್ನಾಕ ಸಲ ಬರ್ತೈತ್ರಿ. ಮುಂಜಾನೆ ಜಾಸ್ತಿ.’

‘ಬಿಡೋಕೆ ಪ್ರಯತ್ನ ಮಾಡಿಲ್ವಾ ಯಜಮಾನ್ರೆ?’

‘ನಾ ಏನ್ ಬಿಡೂದ್ರಿ, ಅದ ನನ್ನ ಬಿಡವಲ್ದು!’

ಕಳೆದ ವರ್ಷ ಅಪ್ಪನನ್ನು ಬೈಲಹೊಂಗಲದಿಂದ ಬೆಂಗಳೂರಿಗೆ ಕರೆತಂದು ಆಸ್ಪತ್ರೆಯೊಂದಕ್ಕೆ ತೋರಿಸಿದಾಗ ನಡೆದ ಮಾತುಕತೆ ಇದು. ನಾನು ಪಕ್ಕದಲ್ಲೇ ಇದ್ದೆ, ಆದರೆ ಕಣ್ಣು ಮೊಬೈಲಿನ ಮೇಲಿತ್ತು. ನಿಜ ಹೇಳಬೇಕೆಂದರೆ, ಅಪ್ಪನ ಮಾತು ಕೇಳಿ ಯಾರಾದರೂ ನಕ್ಕಾರು ಎಂಬ ಮುಜುಗರ. ಒಳಗೆ ಹೋಗುವ ಮುಂಚೆ ‘ಭಾಳ ಮಾತಾಡಬ್ಯಾಡಪಾ’ ಎಂದು ಹೇಳಿಯೂ ಇದ್ದೆ.

ಔಷಧಿ ಅಂಗಡಿಯ ಸಾಲಿನಲ್ಲಿ ನಿಂತು ಚೀಟಿ ನೋಡಿದರೆ ಎದೆ ಧಸಕ್ಕೆಂದಿತು. ‘ಸ್ಮೋಕರ್, ಹತ್ತು ವರ್ಷ, ದಿನಕ್ಕೆ ಮೂರ್ನಾಲ್ಕು’ ಎಂದು ಬರೆದಿತ್ತು. ಅಪ್ಪ ಜೀವಮಾನದಲ್ಲಿ ಒಂದು ಬೀಡಿ ಮುಟ್ಟಿದವನಲ್ಲ! ನಮ್ಮ ಕಡೆ ‘ದಮ್ಮು’ ಎಂದರೆ ಉಬ್ಬಸ. ಬೆಂಗಳೂರಿನಲ್ಲಿ ‘ದಮ್’ ಎಂದರೆ ಸಿಗರೇಟು. ಒಂದೇ ಪದ ಹಿಡಿದುಕೊಂಡು ಇಬ್ಬರೂ ಬೇರೆ ಬೇರೆ ಕಾಯಿಲೆಯ ಬಗ್ಗೆ ಮಾತಾಡಿದ್ದರು.

ಆಮೇಲೆ ಈ ಪದದ ಬೆನ್ನು ಹತ್ತಿದೆ. ‘ದಮ್’ ಪಾರ್ಸಿ ಪದ. ಮೂಲ ಅರ್ಥ ಉಸಿರು. ಒಂದು ಉಸಿರೆಳೆಯುವಷ್ಟು ಹೊತ್ತು, ಅಂದರೆ ಕ್ಷಣ ಎಂಬ ಅರ್ಥವೂ ಇದೆ. ನಾವು ದಿನಕ್ಕೆ ಹತ್ತು ಸಲ ಹೇಳುವ ‘ಏಕದಮ್’ ಎಂದರೆ ಒಂದೇ ಉಸಿರಿನಲ್ಲಿ. ‘ಬೇದಮ್ ಬಡದ್ರು’ ಎಂದರೆ ಉಸಿರು ನಿಲ್ಲುವಂತೆ ಬಡಿದರು. ದಮ್ ಬಿರಿಯಾನಿಯಲ್ಲಿ ಪಾತ್ರೆಯ ಬಾಯಿಗೆ ಕಣಕ ಮೆತ್ತಿ ಹಬೆಯನ್ನು ಒಳಗೇ ಹಿಡಿಯುತ್ತಾರೆ, ಅಕ್ಕಿ ಅದೇ ಉಸಿರಿನಲ್ಲಿ ಬೇಯುತ್ತದೆ. ಇರಾನಿನಲ್ಲಿ ಚಹಾ ಹದಕ್ಕೆ ಬರಲು ಮುಚ್ಚಿಡುವುದಕ್ಕೂ ಇದೇ ಪದ. ಮರಾಠಿಯಲ್ಲಿ ಉಬ್ಬಸಕ್ಕೆ ‘ದಮಾ’ ಎನ್ನುತ್ತಾರೆ.

ಇದು ನಮ್ಮೂರಿಗೆ ಬಂದದ್ದು ಹೇಗೆ? ನಮ್ಮ ಸೀಮೆ ಬಹಮನಿಗಳ, ಆಮೇಲೆ 1686ರವರೆಗೆ ಬಿಜಾಪುರದ ಆದಿಲ್‌ಶಾಹಿಗಳ ಆಳ್ವಿಕೆ ಕಂಡದ್ದು. ದರಬಾರಿನ ಪಾರ್ಸಿ ಕಾಗದಪತ್ರದಲ್ಲಷ್ಟೇ ಉಳಿಯದೆ ಜನರ ಬಾಯಿಗೂ ಇಳಿಯಿತು. ಮಜಾ ಏನೆಂದರೆ, ಈ ಪದ ನಮಗೆ ಪೂರ್ತಿ ಪರಕೀಯವೂ ಅಲ್ಲ. ಸಂಸ್ಕೃತ, ಪಾರ್ಸಿ ಎರಡೂ ಒಂದೇ ಕುಟುಂಬದ ಭಾಷೆಗಳು. ಸಂಸ್ಕೃತದಲ್ಲಿ ಊದು ಎಂಬರ್ಥದ ‘ಧಮ್’ ಧಾತುವಿದೆ. ಪಿಯುಸಿ ಬಯಾಲಜಿಯಲ್ಲಿ ಓದಿದ ‘ಅಪಧಮನಿ’ಯೊಳಗಿನ ಧಮನಿ ಅದರಿಂದಲೇ ಬಂದದ್ದು. ಆದರೆ ‘ಶಮ ದಮ’ದ ದಮ ಬೇರೆ, ಅದು ಇಂದ್ರಿಯ ನಿಗ್ರಹ. ದನಿ ಒಂದೇ ಆದ ಮಾತ್ರಕ್ಕೆ ಬೇರು ಒಂದೇ ಎನ್ನುವಂತಿಲ್ಲ.

ನಮ್ಮ ಸುತ್ತಲಿನ ನಾಲ್ಕು ಊರು ತಿರುಗಿದರೆ ಈ ಪದದ ಅಷ್ಟೂ ಮುಖ ಕಾಣುತ್ತವೆ. ಕಿತ್ತೂರು ಉತ್ಸವದ ಕುಸ್ತಿ ಕಣದಲ್ಲಿ ‘ದಮ್ ಇದ್ರ ಬಾ’ ಎಂದರೆ ತಾಕತ್ತು. ಸವದತ್ತಿಯ ಯಲ್ಲಮ್ಮನ ಗುಡ್ಡ ಹತ್ತುವಾಗ ಅಮ್ಮ ‘ಸ್ವಲ್ಪ ದಮ್ ತಗೋಳೂಣು’ ಎಂದರೆ ವಿಶ್ರಾಂತಿ. ರಾಮದುರ್ಗದ ನೇಕಾರ ಕಾಕಾನಿಗೆ ಸೀರೆ ಬೇಗ ಬೇಕೆಂದರೆ ‘ದಮ್ ಹಿಡಿಯವಾ’ ಎನ್ನುತ್ತಾನೆ, ಅದು ತಾಳ್ಮೆ. ಬೈಲಹೊಂಗಲದ ಹತ್ತಿ ಮಿಲ್ಲಿನಲ್ಲಿ ದುಡಿದ ಅಪ್ಪನ ಪಾಲಿಗೆ ಬಂದದ್ದು ಮಾತ್ರ ಉಬ್ಬಸದ ದಮ್ಮು.

ಅವತ್ತು ಚೀಟಿ ಹಿಡಿದು ಡಾಕ್ಟರ ಬಳಿ ವಾಪಸ್ ಓಡಿದೆ. ‘ಸರ್, ನಮ್ಮ ಕಡೆ ದಮ್ ಅಂದ್ರೆ ಉಸಿರಾಟದ ತೊಂದರೆ. ಅಪ್ಪ ಸೇದೋದಿಲ್ಲ’ ಎಂದೆ. ಅವರು ಪೆನ್ನು ಕೆಳಗಿಟ್ಟು ಅಪ್ಪನನ್ನು ಮತ್ತೆ ಕೂರಿಸಿದರು. ‘ಏನು ಕೆಲಸ ಮಾಡ್ತೀರಾ?’ ಎಂದು ಮೊದಲ ಸಲ ಕೇಳಿದರು. ಹತ್ತಿ ದೂಳು ಎಂದ ಕೂಡಲೇ ಪ್ರಶ್ನೆಗಳೇ ಬದಲಾದವು. ಯಾವ ದಿನ ಹೆಚ್ಚು, ರಜೆಯಲ್ಲಿ ಕಡಿಮೆಯೇ, ಮೂಗಿಗೆ ಬಟ್ಟೆ ಕಟ್ಟುತ್ತೀರಾ... ಚೀಟಿಯೂ ಹೊಸದಾಯಿತು. ದೂಳಿನ ಕೆಲಸ ಬಿಡಲೇಬೇಕೆಂದರು. ಈಗ ಅಪ್ಪ ಮಿಲ್ಲಿನ ಗೇಟಿನ ಹತ್ತಿರ ಲೆಕ್ಕ ಬರೆಯುತ್ತಾನೆ. ಪಗಾರ ಕಡಿಮೆ, ಆದರೆ ರಾತ್ರಿ ನಿದ್ದೆ ಬರುತ್ತಿದೆ.

ಡಾಕ್ಟರ್ ಕೇಳಿದ್ದೂ ತಪ್ಪಲ್ಲ, ಅಪ್ಪ ಹೇಳಿದ್ದೂ ತಪ್ಪಲ್ಲ. ಎರಡೂ ಕನ್ನಡ ಗೊತ್ತಿದ್ದವನು ನಾನೊಬ್ಬನೇ. ನಾನೇ ಬಾಯಿ ಮುಚ್ಚಿ ಕೂತಿದ್ದೆ. ಊರು ಬಿಟ್ಟು ಓದುವ, ಕೆಲಸ ಹುಡುಕುವ ನಾವೆಲ್ಲ ಮೊದಲು ಅಡಗಿಸುವುದು ಮನೆಯ ಮಾತನ್ನೇ. ಅಡಗಿಸಬೇಡಿ. ಯಾವಾಗಲೋ ಒಮ್ಮೆ ಅಪ್ಪ, ಅವ್ವನ ಪರವಾಗಿ ಅದನ್ನು ಬಿಡಿಸಿ ಹೇಳಬೇಕಾಗುತ್ತದೆ.

ಮೊನ್ನೆ ಥರ್ಮೋಡೈನಾಮಿಕ್ಸ್‌ನಲ್ಲಿ ಫೇಲಾದ ಸುದ್ದಿ ಹೇಳಲು ಹೆದರುತ್ತಲೇ ಫೋನ್ ಮಾಡಿದ್ದೆ. ಅಪ್ಪ ಒಂದು ಗಳಿಗೆ ಸುಮ್ಮನಿದ್ದು ಹೇಳಿದ: ‘ಇರ್ಲಿ ತಗೊ ತಮ್ಮಾ. ದಮ್ ಹಿಡದ ಓದು.’ ಈ ಸಲ ಅದರ ಅರ್ಥವನ್ನು ಯಾರನ್ನೂ ಕೇಳಬೇಕಾಗಲಿಲ್ಲ.