ಮಾನವನ ಅಸ್ಥಿಪಂಜರ

ಮಾನವನ ಅಸ್ಥಿಪಂಜರವು ದೇಹಕ್ಕೆ ಆಧಾರವನ್ನೂ ಆಕಾರವನ್ನೂ ನೀಡುವ ಒಳ ಚೌಕಟ್ಟು. ಮೂಳೆಗಳು, ಮೃದ್ವಸ್ಥಿಗಳು ಹಾಗೂ ಮೂಳೆಗಳನ್ನು ಪರಸ್ಪರ ಬಂಧಿಸುವ ಅಸ್ಥಿರಜ್ಜುಗಳು ಇದರ ಭಾಗಗಳಾಗಿವೆ. ವಯಸ್ಕರಲ್ಲಿ ಸಾಮಾನ್ಯವಾಗಿ ೨೦೬ ಮೂಳೆಗಳಿರುತ್ತವೆ. ನವಜಾತ ಶಿಶುವಿನಲ್ಲಿ ಈ ಸಂಖ್ಯೆ ಸುಮಾರು ೩೦೦. ಬೆಳವಣಿಗೆಯ ಹಂತದಲ್ಲಿ ಹಲವು ಮೂಳೆಗಳು ಬೆಸೆದುಕೊಳ್ಳುವುದರಿಂದ ಅದು ಕಡಿಮೆಯಾಗುತ್ತದೆ. ಯಾವುದನ್ನು ಮೂಳೆಯೆಂದು ಪರಿಗಣಿಸಲಾಗುತ್ತದೆ ಎಂಬುದರ ಮೇಲೂ ಎಣಿಕೆ ಬದಲಾಗುತ್ತದೆ. ಹಲ್ಲು ಮತ್ತು ಉಗುರುಗಳನ್ನೂ ಸೇರಿಸಿಕೊಂಡು ಚರಕ ಸಂಹಿತೆಯು ೩೬೦ ಎಂದು ಎಣಿಸಿದರೆ, ಸುಶ್ರುತ ಸಂಹಿತೆಯು ಶಲ್ಯತಂತ್ರದ ದೃಷ್ಟಿಯಿಂದ ೩೦೦ ಎಂದು ಹೇಳುತ್ತದೆ.

ವಿಭಾಗಗಳು

ಅಸ್ಥಿಪಂಜರವನ್ನು ಎರಡು ಭಾಗಗಳಾಗಿ ವಿಂಗಡಿಸಲಾಗಿದೆ.

ಅಕ್ಷೀಯ ಅಸ್ಥಿಪಂಜರ: ದೇಹದ ನಡುಗೆರೆಯ ಉದ್ದಕ್ಕೂ ಇರುವ ಈ ಭಾಗದಲ್ಲಿ ೮೦ ಮೂಳೆಗಳಿವೆ. ತಲೆಬುರುಡೆಯಲ್ಲಿ ೨೨, ಎರಡು ಕಿವಿಗಳ ಒಳಗೆ ೬, ನಾಲಿಗೆಯ ಬುಡದಲ್ಲಿ ೧, ಬೆನ್ನುಮೂಳೆಯಲ್ಲಿ ೨೬, ಪಕ್ಕೆಲುಬುಗಳು ೨೪ ಮತ್ತು ಎದೆಮೂಳೆ ೧. ಬಾಲ್ಯದಲ್ಲಿ ಬೆನ್ನುಮೂಳೆಯು ಸಾಮಾನ್ಯವಾಗಿ ೩೩ ಕಶೇರುಖಂಡಗಳಿಂದ ಕೂಡಿದ್ದು, ಕೆಳಭಾಗದ ಖಂಡಗಳು ಕಾಲಕ್ರಮೇಣ ಬೆಸೆದುಕೊಂಡು ಎರಡು ಮೂಳೆಗಳಾಗುತ್ತವೆ. ಹನ್ನೆರಡು ಜೊತೆ ಪಕ್ಕೆಲುಬುಗಳಲ್ಲಿ ಮೊದಲ ಏಳು ಜೊತೆಗಳು ಮೃದ್ವಸ್ಥಿಯ ಮೂಲಕ ನೇರವಾಗಿ ಎದೆಮೂಳೆಗೆ ಸೇರುತ್ತವೆ. ಕೊನೆಯ ಎರಡು ಜೊತೆಗಳ ಮುಂದಿನ ತುದಿಗಳು ಬಿಡಿಯಾಗಿರುತ್ತವೆ.

ಉಪಾಂಗೀಯ ಅಸ್ಥಿಪಂಜರ: ಇದರಲ್ಲಿ ೧೨೬ ಮೂಳೆಗಳಿವೆ. ಭುಜದ ಪಟ್ಟಿಯಲ್ಲಿ ೪, ಸೊಂಟದ ಪಟ್ಟಿಯಲ್ಲಿ ೨, ಎರಡು ಕೈಗಳಲ್ಲಿ ೬೦ ಮತ್ತು ಎರಡು ಕಾಲುಗಳಲ್ಲಿ ೬೦. ಮಣಿಕಟ್ಟು ಸೇರಿದಂತೆ ಒಂದು ಹಸ್ತದಲ್ಲಿ ೨೭, ಒಂದು ಪಾದದಲ್ಲಿ ೨೬ ಮೂಳೆಗಳಿರುವುದರಿಂದ ದೇಹದ ಅರ್ಧಕ್ಕಿಂತ ಹೆಚ್ಚು ಮೂಳೆಗಳು ಹಸ್ತ ಮತ್ತು ಪಾದಗಳಲ್ಲಿಯೇ ಇವೆ. ತೊಡೆಮೂಳೆಯು ಅತ್ಯಂತ ಉದ್ದವಾದುದು. ಕಿವಿಯೊಳಗಿನ ಸ್ಟೇಪೀಸ್ ಅತ್ಯಂತ ಚಿಕ್ಕದು.

ಮೂಳೆಯ ರಚನೆ

ಮೂಳೆಯು ಜೀವಂತ ಅಂಗಾಂಶ. ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಅದಕ್ಕೆ ಬಾಗುವ ಗುಣವನ್ನೂ, ಕ್ಯಾಲ್ಸಿಯಂ ಮತ್ತು ಫಾಸ್ಫೇಟ್‌ಗಳಿಂದಾದ ಹೈಡ್ರಾಕ್ಸಿಅಪಟೈಟ್ ಹರಳುಗಳು ಗಡಸುತನವನ್ನೂ ಒದಗಿಸುತ್ತವೆ. ಹೊರಪದರವು ಸಾಂದ್ರವಾಗಿದ್ದು, ಒಳಭಾಗವು ಸ್ಪಂಜಿನಂತೆ ಜಾಲಯುಕ್ತವಾಗಿರುತ್ತದೆ. ಕೆಂಪು ಅಸ್ಥಿಮಜ್ಜೆಯಲ್ಲಿ ರಕ್ತಕಣಗಳು ಉತ್ಪತ್ತಿಯಾಗುತ್ತವೆ. ಒಂದು ಬಗೆಯ ಕೋಶಗಳು ಹಳೆಯ ಮೂಳೆಯನ್ನು ಕರಗಿಸಿದರೆ, ಮತ್ತೊಂದು ಬಗೆಯವು ಹೊಸದನ್ನು ಕಟ್ಟುತ್ತವೆ. ದೇಹದ ಸುಮಾರು ೯೯% ಕ್ಯಾಲ್ಸಿಯಂ ಮೂಳೆ ಮತ್ತು ಹಲ್ಲುಗಳಲ್ಲಿದೆ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದಾಗ ಪ್ಯಾರಾಥೈರಾಯ್ಡ್ ಹಾರ್ಮೋನು ಮೂಳೆಯಿಂದ ಅದನ್ನು ಬಿಡುಗಡೆ ಮಾಡಿಸುತ್ತದೆ.

ಆರೋಗ್ಯ

ಮೂಳೆಯ ಸಾಂದ್ರತೆಯು ಸುಮಾರು ೩೦ನೇ ವಯಸ್ಸಿನ ವೇಳೆಗೆ ಗರಿಷ್ಠ ಮಟ್ಟವನ್ನು ತಲುಪುತ್ತದೆ. ಮುಟ್ಟು ನಿಂತ ನಂತರ ಈಸ್ಟ್ರೋಜೆನ್ ಕಡಿಮೆಯಾಗುವುದರಿಂದ ಮಹಿಳೆಯರಲ್ಲಿ ಮೂಳೆಯ ಸವೆತ ತೀವ್ರಗೊಳ್ಳುತ್ತದೆ. ಮಕ್ಕಳಲ್ಲಿ ವಿಟಮಿನ್ ಡಿ ಕೊರತೆಯಾದರೆ ಮೂಳೆಗಳು ಮೆತ್ತಗಾಗಿ ಕಾಲುಗಳು ಬಾಗುವ ರಿಕೆಟ್ಸ್ ಉಂಟಾಗುತ್ತದೆ.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿದ್ದರೆ, ಅದು ಮೂಳೆಯ ಹರಳುಗಳಲ್ಲಿ ಸೇರಿಕೊಂಡು ವರ್ಷಗಳ ಕಾಲ ಸಂಗ್ರಹವಾಗುತ್ತದೆ. ಮೂಳೆಗಳು ದಪ್ಪಗಾದರೂ ಅವುಗಳ ಗುಣಮಟ್ಟ ಕುಗ್ಗುತ್ತದೆ. ಅಸ್ಥಿರಜ್ಜುಗಳು ಗಡಸಾಗಿ ಬೆನ್ನು ಮತ್ತು ಕೀಲುಗಳು ಸೆಟೆದುಕೊಳ್ಳುತ್ತವೆ. ಇದನ್ನು ಅಸ್ಥಿ ಫ್ಲೋರೋಸಿಸ್ ಎನ್ನುತ್ತಾರೆ. ಕರ್ನಾಟಕದ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ರಾಯಚೂರು ಮುಂತಾದ ಜಿಲ್ಲೆಗಳ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರುವುದು ಕಂಡುಬಂದಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ೧ ಮಿಲಿಗ್ರಾಂ ಮೀರಬಾರದು. ಬೇರೆ ನೀರಿನ ಮೂಲವಿಲ್ಲದಿದ್ದಾಗ ೧.೫ ಮಿಲಿಗ್ರಾಂವರೆಗೆ ಅನುಮತಿಯಿದೆ. ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗುವುದರಿಂದ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ. ತೀವ್ರ ಹಂತದಲ್ಲಿ ಮೂಳೆಗಳಿಗಾದ ಹಾನಿಯನ್ನು ಸರಿಪಡಿಸುವ ಚಿಕಿತ್ಸೆಯಿಲ್ಲದ ಕಾರಣ ಸುರಕ್ಷಿತ ನೀರಿನ ಪೂರೈಕೆಯೇ ಮುಖ್ಯ ಪರಿಹಾರವಾಗಿದೆ.