ಖಾಲಿ ಮನೆಗಳಲ್ಲಿ ಅಡಗಿದ ಚಿತ್ರ

ಸುಡೊಕು ಎಲ್ಲರಿಗೂ ಗೊತ್ತು. ಪದಬಂಧವಂತೂ ಅಪ್ಪನ ಕಾಲದಿಂದಲೂ ಪತ್ರಿಕೆಯಲ್ಲಿದೆ. ಆದರೆ ‘ನೊನೊಗ್ರಾಮ್’ ಎಂದರೆ ನನ್ನ ಕ್ಲಾಸಿನಲ್ಲಿ ನಾಲ್ಕು ಕೈ ಕೂಡ ಮೇಲೇಳುವುದಿಲ್ಲ. ‘ಅದೇನು, ಟೆಲಿಗ್ರಾಂ ಥರದ ಆ್ಯಪಾ?’ ಎಂದು ಕೇಳಿದವರೂ ಇದ್ದಾರೆ.

ಹೇಳುವುದಕ್ಕಿಂತ ಮಾಡಿ ನೋಡುವುದೇ ಸುಲಭ. ನೋಟ್‌ಬುಕ್ಕಿನ ಕೊನೆಯ ಪುಟ ತೆಗೆಯಿರಿ. ಐದು ಅಡ್ಡಸಾಲು, ಐದು ಕಂಬಸಾಲುಗಳ ಚೌಕ ಬರೆಯಿರಿ. ಅಡ್ಡಸಾಲುಗಳ ಎಡಕ್ಕೆ ಮೇಲಿನಿಂದ ಕೆಳಗೆ ಈ ಅಂಕಿಗಳನ್ನು ಬರೆಯಿರಿ: ‘1 1’, ‘5’, ‘5’, ‘3’, ‘1’. ಕಂಬಸಾಲುಗಳ ತಲೆಯ ಮೇಲೆ ಎಡದಿಂದ ಬಲಕ್ಕೆ: 2, 4, 4, 4, 2. ಆ ಸಾಲಿನಲ್ಲಿ ಒಟ್ಟಿಗೆ ಅಂಟಿಕೊಂಡು ಎಷ್ಟು ಮನೆಗಳಿಗೆ ಕಪ್ಪು ತುಂಬಬೇಕು ಎನ್ನುವುದೇ ಅಂಕಿಯ ಅರ್ಥ. ಎರಡು ಅಂಕಿ ಇದ್ದರೆ ಎರಡು ಗುಂಪು, ನಡುವೆ ಕನಿಷ್ಠ ಒಂದು ಮನೆ ಖಾಲಿ. ನಿಯಮ ಇಷ್ಟೇ.

ಎರಡನೇ ಮತ್ತು ಮೂರನೇ ಸಾಲಿಗೆ 5 ಇದೆ, ಪೂರ್ತಿ ತುಂಬಿಬಿಡಿ. ಈಗ ಮೊದಲ ಕಂಬಸಾಲು ನೋಡಿ. ಅದಕ್ಕೆ ಬೇಕಿದ್ದ ಎರಡು ಮನೆ ಆಗಲೇ ಸಿಕ್ಕಿದೆ. ಉಳಿದ ಮೂರಕ್ಕೆ ಸಣ್ಣ ‘x’ ಹಾಕಿ. ಕೊನೆಯ ಕಂಬಸಾಲಿಗೂ ಅದೇ. ನಾಲ್ಕನೇ ಅಡ್ಡಸಾಲಿನಲ್ಲಿ ಎರಡೂ ತುದಿ ಮುಚ್ಚಿಹೋದ ಮೇಲೆ ‘3’ ಕೂರಲು ನಡುವಿನ ಮೂರು ಮನೆ ಬಿಟ್ಟು ಬೇರೆ ಜಾಗವೇ ಇಲ್ಲ. ಮೊದಲ ಸಾಲಿನ ‘1 1’ಕ್ಕೂ ಎರಡನೇ ಮತ್ತು ನಾಲ್ಕನೇ ಮನೆಯೇ ಗತಿ. ಉಳಿದ ಒಂದು ಮನೆ ನೀವೇ ತುಂಬಿ. ಬಂದ ಚಿತ್ರ ಏನೆಂದು ಹೇಳುವುದಿಲ್ಲ. ನೋಟ್‌ಬುಕ್ಕಿನ ಕೊನೆಯ ಪುಟಕ್ಕೆ ಅದೇನೂ ಹೊಸದಲ್ಲ ಬಿಡಿ.

ಚೌಕ ದೊಡ್ಡದಾದಂತೆ ಅಂಕಿಗಳು ಇಷ್ಟು ಸಲೀಸಾಗಿ ಬಾಯಿ ಬಿಡುವುದಿಲ್ಲ. ಹತ್ತು ಮನೆಯ ಸಾಲಿಗೆ ‘8’ ಕೊಟ್ಟರೆ? ಎಡಕ್ಕೆ ಒತ್ತಿ ಕೂರಿಸಿದರೆ 1ರಿಂದ 8, ಬಲಕ್ಕೆ ಒತ್ತಿದರೆ 3ರಿಂದ 10. ಎಲ್ಲಿ ಕೂತರೂ 3ರಿಂದ 8ರವರೆಗಿನ ಆರು ಮನೆ ಕಪ್ಪೇ. ‘4 3’ ಇದ್ದರೆ ನಡುವಿನ ಖಾಲಿ ಸೇರಿ ಎಂಟು ಮನೆ ಬೇಕು, ಅಲುಗಾಡಲು ಉಳಿಯುವುದು ಎರಡು ಮನೆಯ ಜಾಗ. ನಾಲ್ಕರಲ್ಲಿ ಎರಡು ಕಳೆದರೆ ಎರಡು, ಮೂರರಲ್ಲಿ ಎರಡು ಕಳೆದರೆ ಒಂದು. ಅಂದರೆ 3, 4 ಮತ್ತು 8ನೇ ಮನೆಗಳು ಖಚಿತ. ಈ ಸಾಲನ್ನು ತುಂಬಲು ಒಟ್ಟು ಆರೇ ದಾರಿ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಕಾಂಬಿನೇಷನ್ ಸೂತ್ರದಿಂದಲೂ ಅದೇ ಆರು ಬರುತ್ತದೆ. ಆ ಸೂತ್ರ ನನ್ನ ಕಣ್ಣಿಗೆ ಕಂಡಿದ್ದು ಆವತ್ತೇ.

ಕಲಿಯುವವರು ಸಾಮಾನ್ಯವಾಗಿ ಕಡೆಗಣಿಸುವುದು ‘x’ ಗುರುತನ್ನು. ಕಪ್ಪು ತುಂಬಿದರೆ ಚಿತ್ರ ಬರುತ್ತದೆ, ಖುಷಿ ಅದರಲ್ಲಿ. ಆದರೆ ‘ಇಲ್ಲಿ ಏನೂ ಇಲ್ಲ’ ಎಂದು ಖಚಿತವಾಗುವುದೂ ಅಷ್ಟೇ ದೊಡ್ಡ ಮಾಹಿತಿ. ಎಷ್ಟೋ ಸಲ ಬಿಗಿದ ಗಂಟು ಬಿಚ್ಚುವುದು ಒಂದು ಖಾಲಿ ಮನೆಯಿಂದಲೇ.

ಇದು ಹುಟ್ಟಿದ್ದು ಜಪಾನಿನಲ್ಲಿ. 1987ರಲ್ಲಿ ನಾನ್ ಇಶಿದಾ ಎಂಬ ಗ್ರಾಫಿಕ್ಸ್ ಸಂಪಾದಕಿ ಟೋಕಿಯೊದ ಸ್ಪರ್ಧೆಯೊಂದರಲ್ಲಿ ಗಗನಚುಂಬಿ ಕಟ್ಟಡದ ಕಿಟಕಿಗಳ ದೀಪ ಹಚ್ಚಿ, ಆರಿಸಿ ಚಿತ್ರ ಮೂಡಿಸುವ ಕಲ್ಪನೆಗೆ ಬಹುಮಾನ ಗೆದ್ದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ತೆತ್ಸುಯಾ ನಿಶಿಯೊ ಕೂಡ ಸ್ವತಂತ್ರವಾಗಿ ಇದೇ ಬಗೆಯ ಒಗಟು ಕಂಡುಹಿಡಿದಿದ್ದರು. 1990ರಲ್ಲಿ ಬ್ರಿಟನ್ನಿನ ‘ಸಂಡೇ ಟೆಲಿಗ್ರಾಫ್’ ವಾರವಾರ ಇದನ್ನು ಪ್ರಕಟಿಸತೊಡಗಿತು. ಇಶಿದಾ ಅವರ ಹೆಸರಿನಿಂದಲೇ ‘ನೊನೊಗ್ರಾಮ್’ ಬಂತು. 1995ರಲ್ಲಿ ನಿಂಟೆಂಡೊ ಇದನ್ನು ಗೇಮ್‌ಬಾಯ್‌ಗೆ ತಂದಿತು. 2015ರ ಕ್ರಿಸ್‌ಮಸ್‌ಗೆ ಬ್ರಿಟನ್ನಿನ ಗುಪ್ತಚರ ಸಂಸ್ಥೆ ಜಿಸಿಎಚ್‌ಕ್ಯೂ ಹಂಚಿದ ಶುಭಾಶಯ ಪತ್ರದಲ್ಲಿ 25 x 25ರ ಇಂಥದೇ ಚೌಕವಿತ್ತು. ಬಿಡಿಸಿದರೆ ಕ್ಯೂಆರ್ ಕೋಡ್, ಅದನ್ನು ಸ್ಕ್ಯಾನ್ ಮಾಡಿದರೆ ಮುಂದಿನ ಒಗಟು!

ನಮ್ಮ ಮನೆಯಲ್ಲಿ ಇದನ್ನು ನನಗಿಂತ ಬೇಗ ಹಿಡಿದವರು ನಮ್ಮ ಅತ್ತಿ, ಅಂದರೆ ಅಪ್ಪನ ಅಕ್ಕ. ಓದಿದ್ದು ಏಳನೇ ಇಯತ್ತೆ. ಇರುವುದು ಧಾರವಾಡದ ಹತ್ತಿರದ ಹಳ್ಳಿಯಲ್ಲಿ, ಇಳಕಲ್ ಸೀರೆಗೆ ಕಸೂತಿ ಹಾಕುತ್ತಾರೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ಹಾಸು, ಹೊಕ್ಕಿನ ಎಳೆ ಎಣಿಸಿಯೇ ಗೋಪುರ, ತೇರು, ನವಿಲು ಎಲ್ಲ ಏಳಬೇಕು. ಗವಂತಿ ಹೊಲಿಗೆಯಲ್ಲಂತೂ ಸೀರೆಯ ಎರಡೂ ಮಗ್ಗುಲು ಒಂದೇ ಥರ ಕಾಣಬೇಕು. ರಜೆಗೆ ಹೋದಾಗ ನಾನು 10 x 10ರ ಚೌಕವೊಂದನ್ನು ತೋರಿಸಿ ನಿಯಮ ಹೇಳಿದೆ. ಅರ್ಧ ತುಂಬಿದ ಮೇಲೆ ಒಂದು ಕಡೆ ಪೆನ್ಸಿಲ್ ನಿಂತಿತು. ‘ಇಲ್ಲಿ ಇರಬಹುದು, ಹಾಕಿಬಿಡಿ ಅತ್ತಿ’ ಎಂದೆ.

‘ಇರಬಹುದು ಅಂತ ಹೆಂಗ ಹಾಕ್ಲಿ ಯವ್ವಾ? ಎಳಿ ಎಣಿಸಿ ಗೊತ್ತಾದ ಮ್ಯಾಲ ಸೂಜಿ ಚುಚ್ಚೂದು’ ಅಂದರು.

ಐದನೇ ಸೆಮಿಸ್ಟರಿನಲ್ಲಿರುವ ನನಗೆ ಈ ಮಾತು ಬೇರೆಯದೇ ರೀತಿ ನಾಟಿತು. ಬರುವ ವರ್ಷ ಪ್ಲೇಸ್‌ಮೆಂಟ್. ಎಜುಕೇಶನ್ ಲೋನಿನ ಕಂತು ಆಗ ಶುರು. ಆಪ್ಟಿಟ್ಯೂಡ್ ತರಬೇತಿಯಲ್ಲಿ ನಮಗೆ ಹೇಳಿಕೊಡುವುದು ವೇಗ. ನಾಲ್ಕರಲ್ಲಿ ಎರಡು ಉತ್ತರ ಹೊಡೆದುಹಾಕು, ಉಳಿದ ಎರಡರಲ್ಲಿ ಒಂದಕ್ಕೆ ಟಿಕ್ ಹಾಕು, ಮುಂದೆ ಹೋಗು. ನೆಗೆಟಿವ್ ಮಾರ್ಕಿಂಗ್ ಇಲ್ಲದಿದ್ದರೆ ಅದೇ ಜಾಣತನ, ಅದನ್ನು ನಾನು ತಪ್ಪು ಎನ್ನುವುದಿಲ್ಲ. ಆದರೆ ಅಣಕು ಸಂದರ್ಶನದಲ್ಲಿ ಪ್ಯಾನೆಲ್ ಕೇಳುವುದು ಉತ್ತರವನ್ನಲ್ಲ, ‘ಹೇಗೆ ಗೊತ್ತಾಯಿತು?’ ಎಂಬ ಮರುಪ್ರಶ್ನೆಯನ್ನು. ಟಿಕ್ ಹಾಕಿ ಅಭ್ಯಾಸವಾದ ಕೈಗೆ ಅಲ್ಲಿ ಬಾಯಿ ಬರುವುದಿಲ್ಲ. ನೊನೊಗ್ರಾಮ್‌ನಲ್ಲಿ ಪ್ರತಿ ಮನೆಗೂ ಒಂದು ‘ಯಾಕೆಂದರೆ’ ಇರುತ್ತದೆ. ಊಹಿಸಿ ತುಂಬಿದ ಮನೆ ಆಗ ಸುಮ್ಮನಿದ್ದು, ನಲವತ್ತು ಮನೆ ಮುಂದೆ ಹೋದ ಮೇಲೆ ಎಲ್ಲವನ್ನೂ ಕೆಡಿಸುತ್ತದೆ. ಇದನ್ನು ಆಡಿದರೆ ಬುದ್ಧಿ ಚುರುಕಾಗುತ್ತದೆ, ಕೆಲಸ ಸಿಗುತ್ತದೆ ಎಂದೆಲ್ಲ ನಾನು ಹೇಳುತ್ತಿಲ್ಲ. ‘ಯಾಕೆಂದರೆ’ ಎನ್ನುವ ಪದ ಈಗ ನನ್ನ ಬಾಯಲ್ಲಿ ಮೊದಲಿಗಿಂತ ಸಲೀಸಾಗಿ ಬರುತ್ತದೆ, ಅಷ್ಟೆ.

ಕಂಪ್ಯೂಟರ್ ಸೈನ್ಸ್‌ನವರಿಗೆ ಇನ್ನೂ ಒಂದು ರುಚಿ ಇದೆ. 10 x 10ರ ಚೌಕವನ್ನು ಕಣ್ಣುಮುಚ್ಚಿ ತುಂಬಲು ಎರಡರ ನೂರನೇ ಘಾತದಷ್ಟು ದಾರಿಗಳಿವೆ, ಅಂದರೆ 31 ಅಂಕಿಗಳ ಸಂಖ್ಯೆ. 1996ರಲ್ಲಿ ಉಯೆದಾ ಮತ್ತು ನಗಾವೊ ಎಂಬ ಸಂಶೋಧಕರು ಈ ಬಗೆಯ ಸಮಸ್ಯೆ ಎನ್‌ಪಿ-ಕಂಪ್ಲೀಟ್ ಎಂದು ಸಾಧಿಸಿದರು. ಲ್ಯಾಬಿನಲ್ಲಿ ಎನ್-ಕ್ವೀನ್ಸ್‌ಗೆ ಬರೆದ ಬ್ಯಾಕ್‌ಟ್ರ್ಯಾಕಿಂಗ್ ಪ್ರೋಗ್ರಾಮನ್ನು ಇದಕ್ಕೆ ಒಗ್ಗಿಸಿ ನೋಡಿ, ಒಂದು ಸಂಜೆ ಹೋಗುವುದೇ ಗೊತ್ತಾಗುವುದಿಲ್ಲ.

ಒಗಟು ಬಿಡಿಸುವುದಕ್ಕಿಂತ ಕಟ್ಟುವುದು ಕಷ್ಟ. 2 x 2ರ ಚೌಕದ ಎಲ್ಲ ಸಾಲಿಗೂ ‘1’ ಕೊಟ್ಟು ನೋಡಿ: ಕರ್ಣ ಹೀಗೂ ಬರುತ್ತದೆ, ಹಾಗೂ ಬರುತ್ತದೆ. ಎರಡು ಉತ್ತರವಿದ್ದರೆ ಒಗಟು ಕೆಟ್ಟಂತೆ. ಅತ್ತಿಯ ಸೀರೆಯ ಮೇಲಿನ ತೇರನ್ನು ಈಗ 20 x 20ಕ್ಕೆ ಇಳಿಸುತ್ತಿದ್ದೇನೆ. ಗಾಲಿ, ಮಂಟಪ ಎಲ್ಲ ಸರಿಯಾಗಿ ಕೂತಿದೆ. ಕಳಸದ ಹತ್ತಿರ ಮಾತ್ರ ಇನ್ನೂ ಎರಡೆರಡು ಉತ್ತರ ಬರುತ್ತಿದೆ.